ಒಂದು ಹಣ್ಣಿಗೆ ಒಂದು ಲೋಟ ಕಹಿ

ಮೇ ತಿಂಗಳ ಎರಡನೇ ವಾರ ಬಂತೆಂದರೆ ಅಮ್ಮ ಪಾತ್ರೆಗಳನ್ನೆಲ್ಲ ತಿಕ್ಕಿ ತೊಳೆದು ಅಡುಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿಬಿಡುತ್ತಿದ್ದಳು. ಮಾವಿನಹಣ್ಣು ಮುಗಿಯುವ ತನಕ ನಮ್ಮ ಕಡೆ ಯಾರ ಮನೆಯಲ್ಲೂ ಒಲೆ ನೆಟ್ಟಗೆ ಹೊತ್ತುವುದಿಲ್ಲ. ಬೆಳಿಗ್ಗೆ ಮಾವಿನಹಣ್ಣು, ಮಧ್ಯಾಹ್ನ ಮಾವಿನಹಣ್ಣು, ಸಂಜೆ ಯಾರಿಗಾದರೂ ಹೊಟ್ಟೆ ಚುರುಗುಟ್ಟಿದರೆ ಒಂದು ತುಂಡು ಬ್ರೆಡ್ಡು, ಅದರ ಹಿಂದೆ ಮತ್ತೆ ಮಾವಿನಹಣ್ಣು. ವರ್ಷದಲ್ಲಿ ಹೆಂಗಸರಿಗೆ ಸಿಗುವ ರಜೆ ಅದೊಂದೇ. ಆ ವರ್ಷ ಮಾತ್ರ ಒಂದು ಚಿಕ್ಕ ಪಾತ್ರೆ ಒಲೆಯ ಮೇಲೇ ಉಳಿಯಿತು. ಅದರಲ್ಲಿ ಅಪ್ಪನಿಗೆ ದಿನಾ ಬಾಳೆಕಾಯಿ ಬೇಯುತ್ತಿತ್ತು.

ನಮ್ಮಪ್ಪ ಸೀಫಸ್, ಊರಿನವರ ಬಾಯಲ್ಲಿ ಮಾಸ್ ಸೀಫ್, ಐವತ್ತು ವರ್ಷ ಮಾವಿಗೆ ಕಸಿ ಕಟ್ಟಿ ಬದುಕಿದವನು. ನಮ್ಮ ದ್ವೀಪದ ಸೇಂಟ್ ಮೇರಿ ಸೀಮೆಯ ಗುಡ್ಡಗಳಲ್ಲಿ ಒಳ್ಳೆಯ ಹಣ್ಣು ಬಿಡುವ ಮರಗಳಲ್ಲಿ ಅರ್ಧಕ್ಕೆ ಅವನ ಕೈ ತಾಗಿದೆ. ನಮ್ಮ ಅಂಗಳದ ಮರ ಮೂಲದಲ್ಲಿ ಬರೀ ನಾರುಮಾವು, ತಿಂದರೆ ಹಲ್ಲಿನ ಸಂದಿಯೆಲ್ಲ ನಾರು. ಅಪ್ಪ ಅದರ ಒಂದು ಕೊಂಬೆಗೆ ಬಾಂಬೆ, ಇನ್ನೊಂದಕ್ಕೆ ಜೂಲಿ, ರಸ್ತೆ ಕಡೆಯದಕ್ಕೆ ಈಸ್ಟ್ ಇಂಡಿಯನ್ ಕಟ್ಟಿ ಒಂದೇ ಮರದಲ್ಲಿ ನಾಲ್ಕು ರುಚಿ ಮಾಡಿಟ್ಟಿದ್ದ. ಎಲ್ಲಕ್ಕಿಂತ ಒಳ್ಳೆಯ ಹಣ್ಣನ್ನು ರಸ್ತೆ ಕಡೆಗೆ ಕಟ್ಟಿದ ಬುದ್ಧಿವಂತ ಎಂದು ಅಮ್ಮ ಮೂವತ್ತು ವರ್ಷದಿಂದ ಅವನನ್ನು ಛೇಡಿಸುತ್ತಲೇ ಬಂದಿದ್ದಳು. ಶಾಲೆಯ ಮಕ್ಕಳು ಅದರಲ್ಲಿ ಕೈಗೆಟುಕುವ ಒಂದನ್ನೂ ಉಳಿಸುತ್ತಿರಲಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಹಿಂದಿನ ಆಗಸ್ಟ್‌ನಲ್ಲಿ ಎಡಗಾಲಿನ ಎರಡು ಬೆರಳು ತೆಗೆದಿದ್ದರು. ಆಮೇಲೆ ಕ್ಲಿನಿಕ್ಕಿನ ನರ್ಸ್ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದಳು: ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ ಸೂಜಿ, ಕಾಲನ್ನು ದಿನಾ ನೋಡಿಕೊಳ್ಳುವುದು, ಮಾವಿನಹಣ್ಣು ದಿನಕ್ಕೆ ಅರ್ಧ ಮೀರಬಾರದು. ಅರ್ಧ ಎಂದಾಗ ಅಪ್ಪ ಅವಳನ್ನೇ ನೋಡಿದನಂತೆ, ಯಾವ ಜಾತಿಯದರಲ್ಲಿ ಅರ್ಧ ಎಂದು ಕೇಳಿದನಂತೆ.

ನಾನು ವಾರವಿಡೀ ಮನೆಯಲ್ಲಿ ಇರುವವಳಲ್ಲ. ಓಚೋ ರಿಯೋಸ್ ಪಟ್ಟಣದ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ನನ್ನದು ಹಣ್ಣು ಹೆಚ್ಚುವ ಕೆಲಸ. ಸೋಮವಾರ ಬೆಳಿಗ್ಗೆ ಹೋದರೆ ಶನಿವಾರ ಸಂಜೆಗೆ ಮನೆ. ಅಲ್ಲಿ ನಾನು ಕೊಯ್ಯುವ ಮಾವು ಬೇರೆ ದೇಶದಿಂದ ಪೆಟ್ಟಿಗೆಯಲ್ಲಿ ಬರುತ್ತದೆ, ಎಲ್ಲ ಒಂದೇ ಅಳತೆ, ಮೂಗಿಗೆ ಹಿಡಿದರೆ ಏನೂ ಇಲ್ಲ. ಹೊರಗೆ ದಾರಿಯುದ್ದಕ್ಕೂ ಹಣ್ಣು ಬಿದ್ದು ಕೊಳೆಯುತ್ತಿರುತ್ತದೆ, ಒಳಗೆ ನಾನು ಪೆಟ್ಟಿಗೆ ಬಿಚ್ಚುತ್ತಿರುತ್ತೇನೆ. ಸಂಬಳ ಕೊಡುವವರನ್ನು ಇದೆಲ್ಲ ಕೇಳಬಾರದು.

ಹಾಗಾಗಿ ಅಪ್ಪನಿಗೆ ಸೂಜಿ ಹಾಕುವ ಕೆಲಸ ನನ್ನ ಮಗಳು ಕದೀನ್‌ದು. ಹದಿನೇಳು ವರ್ಷ, ಕೈ ನಡುಗುವುದಿಲ್ಲ. ನರ್ಸ್ ಅವಳಿಗೆ ಕಿತ್ತಳೆಹಣ್ಣಿನ ಮೇಲೆ ಚುಚ್ಚಿಸಿ ಕಲಿಸಿಕೊಟ್ಟಿದ್ದಳು. ನನ್ನ ತಮ್ಮ ಎವ್ರಾಲ್ಡ್ ಅದೇ ಅಂಗಳದ ಪಕ್ಕದ ಕೋಣೆಯಲ್ಲಿರುತ್ತಾನೆ, ಟ್ಯಾಕ್ಸಿ ಓಡಿಸುತ್ತಾನೆ. ಸೂಜಿ ಕಂಡರೆ ಅವನಿಗೆ ತಲೆ ಸುತ್ತು ಬರುತ್ತದೆ. ಇನ್ನು ಅಮ್ಮ, ಅಡೀನಾ. ಅವಳಿಗೆ ಸೂಜಿಯ ಮೇಲೆ ಮೊದಲಿಂದಲೂ ಹಗೆ.

ಆ ವರ್ಷದ ಮೊದಲ ಬಾಂಬೆ ಹಣ್ಣಾದ ಭಾನುವಾರ ನಾವೆಲ್ಲ ಚರ್ಚಿನಿಂದ ಬಂದು ಮರದ ಕೆಳಗೆ ಕೂತಿದ್ದೆವು. ನಡುವೆ ಒಂದು ಬೋಗುಣಿ ನೀರು, ಅದರಲ್ಲಿ ಹಣ್ಣು ತೇಲುತ್ತಿತ್ತು. ಎವ್ರಾಲ್ಡ್ ಬಾಂಬೆಯನ್ನು ಸೊಂಟದ ಸುತ್ತ ಚಾಕುವಿನಿಂದ ಗೀರಿ, ಎರಡೂ ಕೈಯಲ್ಲಿ ಹಿಡಿದು ತಿರುಚಿ, ಎರಡು ಬಟ್ಟಲು ಮಾಡಿದ. ಗೊರಟೆ ಚೊಕ್ಕಟವಾಗಿ ಎದ್ದು ಬಂತು. ಅಪ್ಪನ ತೊಡೆಯ ಮೇಲೆ ಬಾಳೆಕಾಯಿ, ಸೊಪ್ಪು, ಉಪ್ಪುಮೀನಿನ ತಟ್ಟೆ. ಅವನ ಪಾಲಿನ ಅರ್ಧ ಹಣ್ಣು ಬೆಳಿಗ್ಗೆಯೇ ಮುಗಿದಿತ್ತು. ಅವನು ತಟ್ಟೆಯನ್ನು ನೋಡಲಿಲ್ಲ, ನಮ್ಮ ಬಾಯಿಯನ್ನೂ ನೋಡಲಿಲ್ಲ, ಕೊಂಬೆಯನ್ನು ನೋಡುತ್ತ ಕೂತ.

ಅಮ್ಮ ತನ್ನ ಕೈಲಿದ್ದ ಹಣ್ಣನ್ನು ಬೋಗುಣಿಗೆ ವಾಪಸು ಹಾಕಿದಳು.

"ಆ ಕೊಂಬೆ ಕಟ್ಟಿದವನು ಅವನು. ಬೀದೀಲಿ ಹೋಗೋ ಹುಡುಗ್ರೆಲ್ಲ ತಿನ್ಬಹುದು, ಅವನು ತಿನ್ಬಾರ್ದು. ಇದ್ಯಾವ ಸೀಮೆ ನ್ಯಾಯ ಜಾಸಿಂತ್?"

"ಅರ್ಧ ತಿನ್ಬಹುದು ಅಂದಿದಾರಲ್ಲಮ್ಮ," ಎಂದೆ ನಾನು.

"ಅರ್ಧ ಹಣ್ಣು ಯಾರಿಗೆ ಕೊಡ್ತಾರೆ? ರಚ್ಚೆ ಹಿಡಿದ ಮಗೂಗೆ ಕೊಡ್ತಾರೆ."

"ನನ್ನ ಮುಂದೆ ಕೂತ್ಕೊಂಡು ನನ್ನ ವಿಷಯ ಮಾತಾಡ್ತಿದೀರಲ್ಲ," ಅಪ್ಪ ಹೇಳಿದ, "ನಾನಿನ್ನೂ ಎಲ್ಲೂ ಹೋಗಿಲ್ಲ."

"ಬೆರಳೆರಡು ಮುಂದೆ ಹೋಗಿ ಜಾಗ ಹಿಡಿದಿವೆ ಬಿಡಪ್ಪ," ಎಂದ ಎವ್ರಾಲ್ಡ್.

ಅಪ್ಪ ಜೋರಾಗಿ ನಕ್ಕ. ಅಮ್ಮ ನಗಲಿಲ್ಲ. ಎದ್ದು ಒಳಗೆ ಹೋದಳು, ನಾನೂ ಹಿಂದೆ ಹೋದೆ. ಅಡುಗೆಮನೆಯಲ್ಲಿ ನಮ್ಮ ನಿಜವಾದ ಜಗಳ ನಡೆಯಿತು. ಅಮ್ಮನ ವಾದ ಹಳೆಯದು. ಮೇಲುಗುಡ್ಡದ ಲಿನ್ವಲ್ ಸೂಜಿ ಶುರು ಮಾಡಿದ, ಕಾಲು ಹೋಯಿತು. ಚರ್ಚಿನ ಸಿಸ್ಟರ್ ಪ್ಯಾನ್ಸಿ ಸೂಜಿ ಶುರು ಮಾಡಿದಳು, ಕಣ್ಣು ಹೋಯಿತು, ಮರುವರ್ಷ ಅವಳೇ ಹೋದಳು. ಅವರಿಗೆ ಕಾಯಿಲೆ ಮಿತಿಮೀರಿದ್ದಕ್ಕೇ ಸೂಜಿ ಕೊಟ್ಟಿದ್ದು, ಸೂಜಿಯಿಂದ ಕಾಯಿಲೆ ಬಂದಿದ್ದಲ್ಲ ಎಂದು ನಾನು ನೂರು ಸಲ ಹೇಳಿದ್ದೆ, ಅವತ್ತೂ ಹೇಳಿದೆ.

"ಮೊದಲು ಸೂಜಿ ಬಂತು, ಆಮೇಲೆ ಕಾಲು ಹೋಯ್ತು. ನಾನು ಕಣ್ಣಾರೆ ನೋಡಿದೀನಿ. ನೀನು ಓಚೋ ರಿಯೋಸ್‌ನಲ್ಲಿ ಹಣ್ಣು ಹೆಚ್ಚುತಾ ಇದ್ದೆ."

ಆಮೇಲೆ ಅವಳು ಕಹಿಯ ಮಾತು ತೆಗೆದಳು. ನಾವು ಸೆರಸಿ ಅನ್ನುತ್ತೇವೆ, ಕಾಡುಹಾಗಲದ ಬಳ್ಳಿ, ಬೇಲಿಗೆಲ್ಲ ಹಬ್ಬಿರುತ್ತದೆ. ಚಿಕ್ಕವರಿದ್ದಾಗ ಶಾಲೆ ಶುರುವಾಗುವ ಮುಂಚೆ ಒಂಬತ್ತು ಬೆಳಿಗ್ಗೆ ನಮಗೆ ಅದರ ಕಷಾಯ ಕುಡಿಸುತ್ತಿದ್ದಳು, ರಜೆಯಲ್ಲಿ ತಿಂದ ಸಿಹಿಯೆಲ್ಲ ತೊಳೆದುಹೋಗಲಿ ಎಂದು. ಸಿಹಿ ರಕ್ತದಲ್ಲಿ ಕೂತಿದೆ, ಕಹಿ ಹೋಗಿ ಅದನ್ನು ಎಬ್ಬಿಸುತ್ತದೆ. ಅವಳ ಲೆಕ್ಕ ಅಷ್ಟು ಸರಳ. ಕುಡಿಯಲಿ ಬಿಡು, ಆದರೆ ಸೂಜಿ ತಪ್ಪಬಾರದು ಎಂದೆ. ಅಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನನಗೆ ಮರುದಿನ ನಸುಕಿಗೇ ಬಸ್ಸು ಹಿಡಿಯಬೇಕಿತ್ತು, ಅಷ್ಟಕ್ಕೇ ಬಿಟ್ಟೆ.

ಮುಂದಿನ ಭಾನುವಾರಕ್ಕೆ ಮನೆಯ ಹವೆಯೇ ಬದಲಾಗಿತ್ತು. ಅಪ್ಪ ಕುರ್ಚಿಯಲ್ಲಿ ಕೂತು ಹಾಡು ಗುನುಗುತ್ತ ಕಸಿ ಚಾಕುವನ್ನು ಮಸೆಯುತ್ತಿದ್ದ. ಬೆರಳು ಹೋದಾಗಿನಿಂದ ಆ ಚಾಕುವನ್ನು ಅವನು ಮುಟ್ಟಿರಲಿಲ್ಲ. ಎವ್ರಾಲ್ಡ್ ದೋಟಿ ಹಿಡಿದು ಹಣ್ಣು ಕೀಳುವಾಗ ಕುರ್ಚಿಯಲ್ಲಿ ಕೂತೇ ಬಲಕ್ಕೆ, ಎಡಕ್ಕೆ, ಅದಲ್ಲ ಕುರುಡ ಅದರ ಹಿಂದಿನದು ಎಂದು ಕೂಗಾಡಿದ. ಅಮ್ಮ ಅವನ ಮಾತಿಗೆ ಮಾತು ಕೊಡುತ್ತ ಓಡಾಡಿದಳು. ಎಷ್ಟೋ ದಿನವಾಗಿತ್ತು ಆ ಅಂಗಳದಲ್ಲಿ ಅಂಥ ಗಲಾಟೆ ಕೇಳಿ. ನನಗೆ ಖುಷಿಯಾಯಿತು. ಮುಚ್ಚಿಡುವುದೇಕೆ, ತುಂಬ ಖುಷಿಯಾಯಿತು.

ಅದರ ಮುಂದಿನ ಭಾನುವಾರ ನಾನು ಹಿತ್ತಿಲಿನಿಂದ ಬರುವಾಗ ಅದು ಕಣ್ಣಿಗೆ ಬಿತ್ತು. ಅಪ್ಪನ ಮುಂದೆ ಅಮ್ಮ ನಿಂತಿದ್ದಳು, ಒಂದು ಕೈಯಲ್ಲಿ ಕಷಾಯದ ಲೋಟ, ಇನ್ನೊಂದರಲ್ಲಿ ಸಿಪ್ಪೆ ಸುಲಿದ ಜೂಲಿ ಹಣ್ಣು. ಅಪ್ಪ ಮೂಗು ಹಿಂಡಿಕೊಂಡು ಕಷಾಯ ಕುಡಿದು, ಮುಖ ಕಿವಿಚಿ, ಹಣ್ಣಿಗೆ ಕೈ ಚಾಚಿದ. ಗೊರಟೆಯನ್ನು ಬಿಳಿಯಾಗುವ ತನಕ ಚೀಪಿದ. ಮೊಣಕೈ ತನಕ ರಸ ಇಳಿದಿತ್ತು. ನಲವತ್ತಾರು ವರ್ಷ ಸಂಸಾರ ಮಾಡಿದ ಹೆಂಗಸು ಹೊಸದಾಗಿ ಮದುವೆಯಾದ ಹುಡುಗಿಯ ಹಾಗೆ ನಿಂತು ಅವನನ್ನು ನೋಡುತ್ತಿದ್ದಳು.

ನನ್ನನ್ನು ಕಂಡು, ನಾನು ಬಾಯಿ ತೆರೆಯುವ ಮುಂಚೆಯೇ ಅಮ್ಮ ಹೇಳಿದಳು, "ಒಂದು ಹಣ್ಣಿಗೆ ಒಂದು ಲೋಟ. ಕುಡೀದೆ ಕೊಡಲ್ಲ. ಲೆಕ್ಕ ತಪ್ಪಲ್ಲ."

ನಾನು ಬೈಯಬೇಕಿತ್ತು. ಸೂಜಿ ಹಾಕಿದ್ದೀರಾ ಎಂದು ಕೇಳಬೇಕಿತ್ತು, ಫ್ರಿಜ್ಜು ತೆಗೆದು ನೋಡಬೇಕಿತ್ತು. ಆರು ದಿನ ನಿಂತು ನಿಂತು ನನ್ನ ಕಾಲುಗಳು ಊದಿಕೊಂಡಿದ್ದವು, ಅಪ್ಪನ ಮುಖ ಅಷ್ಟು ತೃಪ್ತಿಯಾಗಿತ್ತು. ಒಂದು ಹಣ್ಣು ತಾನೆ ಎಂದುಕೊಂಡೆ. ಮೆಲ್ಲಗೆ ಹೋಗಿ ಬೋಗುಣಿಯಿಂದ ಒಂದು ಹಣ್ಣು ತೆಗೆದುಕೊಂಡು ಅವನ ಪಕ್ಕದಲ್ಲೇ ಕೂತೆ. ಅಪ್ಪ ಸಣ್ಣಗಾಗಿದ್ದಾನೆ ಎಂದು ಕಂಡಿತು, ಒಳ್ಳೆಯದೇ ಆಯಿತು ಎಂದೂ ಅನ್ನಿಸಿತು. ಆ ಬಿಸಿಲಿನಲ್ಲೂ ಎಡಗಾಲಿಗೆ ಯಾಕೆ ಎರಡು ಕಾಲುಚೀಲ ಹಾಕಿದ್ದಾನೆ ಎಂದು ಕೇಳಿದೆ. ನೊಣದ ಕಾಟ ಎಂದ. ನಂಬಿದೆ.

ಜೂನ್ ಮೂರನೇ ಶನಿವಾರ ಮನೆಗೆ ಬಂದವಳಿಗೆ ಹೊಸ್ತಿಲಲ್ಲೇ ವಾಸನೆ ಬಂತು. ಮೊದಲು ಕೊಳೆತ ಹಣ್ಣು ಅಂದುಕೊಂಡೆ, ಆ ತಿಂಗಳು ಊರಿಡೀ ಅದೇ ವಾಸನೆ. ಆದರೆ ಅದು ಅಪ್ಪನ ಕೋಣೆಯಿಂದ ಬರುತ್ತಿತ್ತು. ಅಪ್ಪ ಮಲಗಿದ್ದ, ಮೈ ಕೆಂಡ, ಮಾತು ತಡವರಿಸುತ್ತಿತ್ತು. ಕಾಲುಚೀಲ ಎಳೆದೆ. ಒಳಗೆ ಅಮ್ಮ ಕಟ್ಟಿದ್ದ ಕಾಡುಬಸಳೆ ಎಲೆಯ ಪಟ್ಟಿ, ಎಲೆಯ ಕೆಳಗೆ ಹಿಮ್ಮಡಿಯ ತನಕ ಕಪ್ಪು. ಹಣ್ಣು ಕೊಯ್ಯುವವಳಿಗೆ ಯಾವ ಕಪ್ಪು ಎಲ್ಲಿಯ ತನಕ ಇಳಿದಿರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

"ಗಾಯ ಆರ್ತಾ ಇದೆ," ಅಮ್ಮ ಹೇಳಿದಳು. "ನಿನ್ನೆಗಿಂತ ಇವತ್ತು ನೋವು ಕಮ್ಮಿ ಅಂದ."

ಎವ್ರಾಲ್ಡ್ ಟ್ಯಾಕ್ಸಿಯನ್ನು ಬಾಗಿಲಿಗೇ ತಂದ. ನಾವಿಬ್ಬರೂ ಅಪ್ಪನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸುವಾಗ ಕದೀನ್ ಅಡುಗೆಮನೆಯ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ಏನು ಎಂದೆ. ಅವಳು ಫ್ರಿಜ್ಜಿನ ಬಾಗಿಲು ತೆಗೆದಳು. ಹಿಂದಿನ ಸಾಲಿನಲ್ಲಿ, ಬೆಣ್ಣೆ ಡಬ್ಬಿಯ ಆಚೆ, ಇನ್ಸುಲಿನ್ ಬಾಟಲಿಗಳು ಮುಚ್ಚಳವೂ ತೆಗೆಯದೆ ಇದ್ದವು.

"ಅಜ್ಜಿ ಬೇಡ ಅಂದ್ರು. ಕಹಿ ಕುಡಿದಿದಾನೆ, ಅದರ ಮೇಲೆ ಸೂಜೀನೂ ಬಿದ್ರೆ ಸಕ್ಕರೆ ಪೂರ್ತಿ ಇಳಿದು ಎದೆ ನಿಂತುಹೋಗುತ್ತೆ ಅಂದ್ರು. ಒಂದಿನ ಅಂದ್ರು, ಆಮೇಲೆ ದಿನಾ ಹಾಗೇ ಆಯ್ತು. ನಿನಗೆ ನಾನೇ ಹೇಳ್ತೀನಿ ಅಂದಿದ್ರು."

"ನೀನ್ಯಾಕೆ ಫೋನ್ ಮಾಡ್ಲಿಲ್ಲ?"

"ಅಜ್ಜ ಚೆನ್ನಾಗೇ ಇದ್ರಲ್ಲಮ್ಮ. ನೀನೂ ನೋಡಿದೆ."

ನಾನು ಫ್ರಿಜ್ಜಿನ ಬಾಗಿಲು ಮುಚ್ಚಿ ಟ್ಯಾಕ್ಸಿ ಹತ್ತಿದೆ. ದಾರಿಯುದ್ದಕ್ಕೂ ಎವ್ರಾಲ್ಡ್ ಹಾರ್ನ್ ಒತ್ತುತ್ತಲೇ ಹೋದ.

ಭಾನುವಾರ ಬೆಳಿಗ್ಗೆ ದೊಡ್ಡಾಸ್ಪತ್ರೆಯಲ್ಲಿ ಅಪ್ಪನ ಎಡಗಾಲನ್ನು ಮಂಡಿಯ ಮೇಲಿನಿಂದ ತೆಗೆದರು. ಜೀವ ಉಳಿದಿದೆ, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿದೆ, ಎಷ್ಟು ದಿನ ಎಂದು ಹೇಳಲಾಗದು ಎಂದ ಡಾಕ್ಟರು. ಇನ್ನು ಒಂದು ದಿನವೂ ಸೂಜಿ ತಪ್ಪುವಂತಿಲ್ಲ ಎಂದೂ ಹೇಳಿದ. ಅಮ್ಮ ಅವನು ಹೇಳಿದ್ದನ್ನೆಲ್ಲ ತಲೆ ಆಡಿಸುತ್ತ ಕೇಳಿಸಿಕೊಂಡಳು.

ಸೋಮವಾರ ನಾನು ಹೋಟೆಲಿಗೆ ಹೋಗಲಿಲ್ಲ. ಮಧ್ಯಾಹ್ನ ನೋಡಲು ಬಿಡುವ ಹೊತ್ತಿಗೆ ಕಾಯುತ್ತ ನಾನು, ಅಮ್ಮ ಆಸ್ಪತ್ರೆಯ ಗೇಟಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಅಮ್ಮ ಚರ್ಚಿಗೆ ಉಡುವ ನೀಲಿ ಉಡುಪು ತೊಟ್ಟು ಬಂದಿದ್ದಳು, ತಲೆಗೆ ಟೋಪಿ. ತೊಡೆಯ ಮೇಲೆ ಒಂದು ಚೀಲ. ಅದರಿಂದ ಅವಳು ಫ್ಲಾಸ್ಕು ತೆಗೆದು ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದಳು.

"ಏನದು?" ಎಂದೆ.

"ಕಹಿ. ಬೆಳಿಗ್ಗೆ ಕಾಸಿದ್ದು. ಇವರು ಇಲ್ಲಿ ಬರೀ ಸೂಜಿ ಚುಚ್ತಾರೆ, ಅವನಿಗೆ ಏನು ಕೊಡಬೇಕು ಅಂತ ಇವರಿಗೇನು ಗೊತ್ತು. ಆ ನರ್ಸಿಗೆ ಹೇಳಿ ಒಂದು ಲೋಟ ಕುಡಿಸಿಬಿಡೋಣ."

ಎರಡು ದಿನ ನಾನು ಕಚ್ಚಿ ಹಿಡಿದಿದ್ದೆಲ್ಲ ಅಲ್ಲಿ ಹೊರಗೆ ಬಂತು. ಗೇಟಿನ ಹತ್ತಿರ ಕಡಲೆಬೀಜ ಮಾರುವವನು ತಿರುಗಿ ನೋಡುವಷ್ಟು ಜೋರಾಗಿ ಬಂತು.

"ಆ ಕಾಲು ತೆಗೆದಿದ್ದು ಡಾಕ್ಟ್ರಲ್ಲ ಅಮ್ಮ. ನೀನು. ನಿನ್ನ ಕಷಾಯ, ನಿನ್ನ ಹಣ್ಣು. ಸೂಜಿ ಫ್ರಿಜ್ಜಿನಲ್ಲಿಟ್ಟು ದಿನಾ ನಿನ್ನ ಕೈಯಾರೆ ವಿಷ ತಿನ್ನಿಸಿದೆ ಅವನಿಗೆ."

ಅಮ್ಮ ನನ್ನನ್ನು ನೋಡಿದಳು. "ನಾನಾ?" ಎಂದಳು. ಅಷ್ಟೇ ಕೇಳಿದ್ದು. ನಾನು ಹೌದು ಎಂದೆ. ಅವಳು ಫ್ಲಾಸ್ಕನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟಳು, ಟೋಪಿ ಸರಿಮಾಡಿಕೊಂಡಳು. ಬಾಗಿಲು ತೆಗೆದಾಗ ನನಗಿಂತ ಮುಂದೆ ಎದ್ದು ಹೋದಳು.

ಒಳಗೆ ಅಪ್ಪನಿಗೆ ನಿದ್ದೆ. ಅಮ್ಮ ಅವನ ಹತ್ತಿರ ಹೋಗುವ ಮೊದಲು ವಾರ್ಡಿನ ನರ್ಸನ್ನು ಪಕ್ಕಕ್ಕೆ ಕರೆದು ಏನೋ ಕೇಳಿದಳು. ವಯಸ್ಸಾದ ನರ್ಸ್, ಅಮ್ಮನ ಕೈ ಹಿಡಿದುಕೊಂಡು ನಿಧಾನವಾಗಿ ಉತ್ತರ ಹೇಳಿದಳು. ನನಗೆ ಕೇಳಿಸಲಿಲ್ಲ, ಅಮ್ಮನ ಬೆನ್ನು ಕುಸಿದದ್ದು ನೋಡಿದರೆ ಕೇಳಿಸಬೇಕಾಗಿಯೂ ಇರಲಿಲ್ಲ. ಆಡಿದ ಮಾತು ನಿಜವೇ ಇದ್ದರೂ ಆಡಬಾರದಿತ್ತು ಎಂದು ಆಗ ನನಗೆ ಅನ್ನಿಸಿತು. ಅವಳು ಅವನನ್ನು ಪ್ರೀತಿಸಿದ್ದಕ್ಕೆ ಆದದ್ದು ಅದು. ನಾನು ಕೇಡು ಮಾಡಿದವಳಿಗೆ ಹೇಳುವ ಹಾಗೆ ಹೇಳಿದ್ದೆ.

ಬುಧವಾರ ಅಪ್ಪನಿಗೆ ಎಚ್ಚರವಿತ್ತು. ಅಮ್ಮ ಔಷಧಿ ತರಲು ಎವ್ರಾಲ್ಡ್ ಜೊತೆ ಕೆಳಗೆ ಹೋಗಿದ್ದಳು. ಅಪ್ಪ ಹೊದಿಕೆಯ ಚಪ್ಪಟೆಯಾದ ಜಾಗವನ್ನು ಕೈಯಿಂದ ಸವರುತ್ತಿದ್ದ, ಸಸಿಯ ಬುಡದ ಮಣ್ಣು ಸಮ ಮಾಡುವಾಗ ಮಾಡುವ ಹಾಗೆ.

"ಬಾಗಿಲ ಕಡೆ ನೋಡು. ನಿಮ್ಮಮ್ಮ ಬಂದ್ಲಾ?"

"ಇಲ್ಲಪ್ಪ."

"ಜಾಸಿಂತ್, ಆ ಕಷಾಯದಿಂದ ಏನೂ ಆಗಲ್ಲ ಅಂತ ನನಗೆ ಗೊತ್ತಿತ್ತು."

ನಾನು ಅವನ ಮುಖ ನೋಡಿದೆ. ಅವನು ಕಿಟಕಿಯ ಕಡೆ ತಿರುಗಿ ಮಾತಾಡಿದ.

"ಐವತ್ತು ವರ್ಷ ಮರದ ಜೊತೆ ಬದುಕಿದೀನಿ. ಬುಡಕ್ಕೆ ಏನು ಹೊಯ್ದರೂ ಹಣ್ಣಿನ ರುಚಿ ಬದಲಾಗಲ್ಲ. ನನ್ನ ಕಾಲು ನನಗೆ ತಿಳೀದಾ? ಜೂನ್ ಶುರುವಾಗೋ ಹೊತ್ತಿಗೇ ತಿಳಿದಿತ್ತು."

"ಮತ್ತೆ ಯಾಕಪ್ಪ ತಿಂದೆ?"

"ಅವಳು ಕೊಟ್ಲು," ಎಂದ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದ, "ಬೆರಳು ತೆಗೆದ ಮೇಲೆ ಅವಳು ನನ್ನ ಹತ್ರ ಬಂದಾಗಲೆಲ್ಲ ಮುಖ ಗಂಟು ಹಾಕ್ಕೊಂಡೇ ಬರೋಳು. ಉಪ್ಪು ಬೇಡ, ಅದು ಬೇಡ, ಇದು ಬೇಡ. ಆ ಮೂರು ವಾರ ಎಷ್ಟು ಚೆನ್ನಾಗಿದ್ಲು. ನನಗೆ ಬೇಡ ಅನ್ನೋಕಾಗ್ಲಿಲ್ಲ. ಹಣ್ಣೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ."

ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಕೈಯಲ್ಲಿ ಶಕ್ತಿಯೇ ಇರಲಿಲ್ಲ.

"ಇಲ್ಲಿಯವರು ಹಣ್ಣಿನಿಂದ ಆಯ್ತು, ಸೂಜಿ ತಪ್ಪಿದ್ದಕ್ಕೆ ಆಯ್ತು ಅಂತೆಲ್ಲ ಮಾತಾಡ್ತಾರೆ. ಅದು ಅವಳ ಕಿವೀಗೆ ಬೀಳೋದು ಬೇಡ. ಅವಳ ಕೈಯಿಂದ ಆಯ್ತು ಅಂತ ಅವಳಿಗೆ ಯಾವತ್ತೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ಅವಳು ಬದುಕಲ್ಲ. ಯಾರೂ ಹೇಳದ ಹಾಗೆ ನೀನು ನೋಡ್ಕೋಬೇಕು. ಮಾತು ಕೊಡು."

ಕೊಟ್ಟೆ. ಏನು ಮಾಡಲಿ. ಯಾರೂ ಹೇಳಲ್ಲಪ್ಪ, ನಾನು ನೋಡ್ಕೋತೀನಿ ಎಂದೆ. ಅವನಿಗೆ ಸಮಾಧಾನವಾಯಿತು, ಕಣ್ಣು ಮುಚ್ಚಿದ. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜುಲೈ ಮೊದಲ ವಾರ ಅಪ್ಪನನ್ನು ಮನೆಗೆ ಕರೆತಂದೆವು. ಚರ್ಚಿನವರು ಒಂದು ಗಾಲಿಕುರ್ಚಿ ಕೊಟ್ಟಿದ್ದರು. ಎವ್ರಾಲ್ಡ್ ಮೆಟ್ಟಿಲಿಗೆ ಹಲಗೆ ಹಾಕಿ ಇಳಿಜಾರು ಮಾಡಿದ. ಕದೀನ್ ಮತ್ತೆ ಸೂಜಿ ಹಾಕಲು ಮುಂದೆ ಬಂದಾಗ ಅಮ್ಮ ತನಗೆ ಕಲಿಸು ಎಂದಳು. ಮಗಳು ಕಿತ್ತಳೆಹಣ್ಣು ತಂದಳು, ಅಜ್ಜಿ ಕನ್ನಡಕ ಹಾಕಿಕೊಂಡು ಅದಕ್ಕೆ ಚುಚ್ಚಿ ಚುಚ್ಚಿ ಕಲಿತಳು. ಆಮೇಲೆ ದಿನಕ್ಕೆ ಎರಡು ಸಲ ಅವಳೇ ಹಾಕಿದಳು. ಬೇರೆಯವರಿಗೆ ಬಿಡಲಿಲ್ಲ. ಬೇಲಿಯ ಮೇಲಿನ ಸೆರಸಿ ಬಳ್ಳಿಯನ್ನೆಲ್ಲ ಒಂದು ಬೆಳಿಗ್ಗೆ ಬುಡಸಮೇತ ಕಿತ್ತು ಹಳ್ಳಕ್ಕೆ ಎಸೆದುಬಂದಿದ್ದಳು. ಅಪ್ಪ ಕೇಳಿದ್ದಕ್ಕೆ ಬೇಲಿಗೆ ಭಾರವಾಗಿತ್ತು ಎಂದಳು.

ನನ್ನ ಜೊತೆ ಅವಳು ಮಾತು ಬಿಟ್ಟಿರಲಿಲ್ಲ. ಅದೇ ಕಷ್ಟವಾಗಿತ್ತು. ಉಪ್ಪು ಕೊಡು, ಬಟ್ಟೆ ತೆಗಿ, ನಿನ್ನ ಬಸ್ಸಿಗೆ ಹೊತ್ತಾಯಿತು, ಎಲ್ಲ ಮೊದಲಿನ ಹಾಗೇ. ಗೇಟಿನ ಹತ್ತಿರ ಆಡಿದ ಮಾತನ್ನು ಅವಳು ಎತ್ತಲಿಲ್ಲ, ಎತ್ತುವ ಧೈರ್ಯ ನನಗಿರಲಿಲ್ಲ. ಅಪ್ಪನ ಮುಂದೆ ಮಾತ್ರ ಅವಳು ಮೆತ್ತಗಾಗಿಬಿಟ್ಟಿದ್ದಳು. ಏನು ಕೇಳಿದರೂ ಹೂಂ. ಛೇಡಿಸುವುದಿಲ್ಲ, ರೇಗುವುದಿಲ್ಲ. ಅವನ ತಟ್ಟೆ ಹಿಡಿದು ಎದುರಿಗೆ ನಿಂತರೆ ಅವನ ಮುಖ ನೋಡುತ್ತಿರಲಿಲ್ಲ, ತಟ್ಟೆಯನ್ನು ನೋಡುತ್ತಿದ್ದಳು. ಅಪ್ಪ ಇದನ್ನೆಲ್ಲ ಗಮನಿಸುತ್ತಿದ್ದ. ಒಂದೆರಡು ಸಲ ನನ್ನ ಕಡೆ ಪ್ರಶ್ನೆ ಕೇಳುವ ಹಾಗೆ ನೋಡಿದ. ನಾನು ಏನೂ ಅರಿಯದವಳಂತೆ ಎದ್ದು ಹೋದೆ.

ಜುಲೈ ಕೊನೆಯ ಭಾನುವಾರ. ಮರದಲ್ಲಿ ಕೊನೆಯ ಈಸ್ಟ್ ಇಂಡಿಯನ್ ಹಣ್ಣುಗಳು ಮಾತ್ರ ಉಳಿದಿದ್ದವು. ನಾವೆಲ್ಲ ಜಗಲಿಯಲ್ಲಿ ಕೂತಿದ್ದೆವು. ಕದೀನ್ ಅವರೆಕಾಳು ಸುಲಿಯುತ್ತಿದ್ದಳು, ಎವ್ರಾಲ್ಡ್ ಟ್ಯಾಕ್ಸಿಯ ಚಕ್ರ ಬಿಚ್ಚಿಟ್ಟುಕೊಂಡಿದ್ದ. ಅಮ್ಮ ಅಪ್ಪನ ಹೊಟ್ಟೆಗೆ ಸೂಜಿ ಹಾಕಿ ಹತ್ತಿ ಒತ್ತಿ ಹಿಡಿದಿದ್ದಳು.

"ಅಡೀನಾ," ಅಪ್ಪ ಗಂಟಲು ಸರಿಮಾಡಿಕೊಂಡ, "ನಿನಗೊಂದು ಮಾತು ಹೇಳ್ಬೇಕು. ಬೈಬೇಡ."

"ಏನು?"

"ನೀನು ದಿನಾ ಒಂದು ಲೋಟ ಕುಡಿಸಿ ಒಂದು ಹಣ್ಣು ಕೊಡ್ತಿದ್ಯಲ್ಲ. ಅದು ಸರಿಯಾಗೇ ಇತ್ತು. ತಪ್ಪು ಮಾಡಿದ್ದು ನಾನು. ನೀನು ನೀರಿಗೆ ಹೋದಾಗ ಕೋಲೂರಿಕೊಂಡು ಮರದ ಹಿಂದೆ ಹೋಗ್ತಿದ್ದೆ. ಬಿದ್ದಿರೋ ಐದಾರು ಹಣ್ಣು ತಿಂದು ಗೊರಟೆ ಹಳ್ಳಕ್ಕೆ ಎಸೀತಿದ್ದೆ. ದಿನಾ. ಒಂದು ಹಣ್ಣಿಗೆ ನಿನ್ನ ಕಹಿ ಸಾಕಾಗಿತ್ತು. ಆರಕ್ಕೆ ಅದು ಏನು ಮಾಡೀತು ಪಾಪ."

ಸುಳ್ಳು. ಜೂನ್‌ನಲ್ಲಿ ಅವನಿಗೆ ಮರದ ಹಿಂದೆ ಹೋಗುವುದಿರಲಿ, ಜಗಲಿ ಇಳಿಯಲೂ ಎವ್ರಾಲ್ಡ್ ಬೇಕಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕದೀನ್‌ಳ ಕೈ ನಿಂತಿತು. ನಾನು ಅಮ್ಮನನ್ನು ನೋಡಲಾರದೆ ನೆಲ ನೋಡಿದೆ. ಈಗ ಅವಳು ಹೇಳಿಬಿಡುತ್ತಾಳೆ, ಜಾಸಿಂತ್ ನನಗೆ ಎಲ್ಲ ಹೇಳಿದ್ದಾಳೆ ಎನ್ನುತ್ತಾಳೆ, ಅಪ್ಪ ನನ್ನ ಕಡೆ ತಿರುಗುತ್ತಾನೆ ಎಂದು ಕಾದೆ.

ಅಮ್ಮ ಹತ್ತಿಯನ್ನು ತೆಗೆದು ಬುಟ್ಟಿಗೆ ಹಾಕಿದಳು. ಸೊಂಟದ ಮೇಲೆ ಕೈಯಿಟ್ಟಳು.

"ನನಗೆ ಆಗ್ಲೇ ಅನುಮಾನ ಇತ್ತು," ಎಂದಳು. "ಗಡ್ಡದಲ್ಲಿ ನಾರು ನೋಡಿದ್ದೆ. ಎಪ್ಪತ್ತು ದಾಟಿದ ಮುದುಕ, ನಾಚಿಕೆ ಆಗಲ್ವಾ ನಿನಗೆ? ನಾನು ಬಿಸಿಲಲ್ಲಿ ಬೇಲಿಬೇಲಿ ಅಲೆದು ಬಳ್ಳಿ ಕಿತ್ತು ತಂದು ಕಾಸಿ ಕೊಟ್ರೆ, ನೀನು ಹಿಂದಿನಿಂದ ಹೋಗಿ ಹಂದಿ ಹಾಗೆ ತಿಂತಿದ್ಯಾ? ಕಾಲು ಹೋಯ್ತಲ್ಲ, ಈಗ ಸಮಾಧಾನ ಆಯ್ತಾ? ಹೊಟ್ಟೆಬಾಕ. ನಿಮ್ಮಪ್ಪನೂ ಹೀಗೇ ಇದ್ದ, ನಿಮ್ಮ ವಂಶಕ್ಕೇ ಬಾಯಿ ಕಟ್ಟಿ ಗೊತ್ತಿಲ್ಲ."

ಅವಳು ನಿಲ್ಲಿಸಲಿಲ್ಲ. ನಮ್ಮಜ್ಜನಿಂದ ಹಿಡಿದು ಮದುವೆಯ ದಿನ ಅಪ್ಪ ಎರಡು ಸಲ ಕೇಕು ಬಡಿಸಿಕೊಂಡಿದ್ದರ ತನಕ ಒಂದನ್ನೂ ಬಿಡದೆ ಬೈದಳು. ಅಪ್ಪ ತಲೆ ತಗ್ಗಿಸಿ ಕೂತು ಕೇಳಿದ. ಅವನ ಭುಜಗಳು ಸಡಿಲವಾದವು. ಒಂದು ತಿಂಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು, ಅದನ್ನು ಮುಚ್ಚಲು ಗಡ್ಡ ಸವರಿಕೊಂಡ. ನನ್ನ ಕಡೆ ತಿರುಗಿ ಒಂದು ಕಣ್ಣು ಮಿಟುಕಿಸಿದ, ನೋಡಿದ್ಯಾ ನಾವು ಗೆದ್ದೆವು ಎನ್ನುವ ಹಾಗೆ. ಎವ್ರಾಲ್ಡ್ ಎದ್ದು ಚಕ್ರದ ಕಡೆ ಹೋದ.

ಅಮ್ಮ ಬೈಯುತ್ತಲೇ ಖಾಲಿ ಬಕೆಟ್ಟು ಎತ್ತಿಕೊಂಡು ಹಿತ್ತಿಲಿಗೆ ನಡೆದಳು. ಸ್ವಲ್ಪ ಹೊತ್ತು ಬಿಟ್ಟು ನಾನು ಹಿಂದೆ ಹೋದೆ. ಅವಳು ನೀರಿನ ತೊಟ್ಟಿಯ ಅಂಚು ಹಿಡಿದುಕೊಂಡು ನಿಂತಿದ್ದಳು. ಕಣ್ಣೀರು ಗಲ್ಲದಿಂದ ಇಳಿದು ಕತ್ತಿನ ತನಕ ಬಂದಿತ್ತು, ಒರೆಸಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ.

"ಅಮ್ಮ," ಎಂದೆ, "ಅವತ್ತು ಗೇಟಿನ ಹತ್ರ ನಾನು..."

"ಅದನ್ನ ಬಿಡು." ಅವಳು ಬಕೆಟ್ಟನ್ನು ತೊಟ್ಟಿಗೆ ಅದ್ದಿದಳು. "ಇಷ್ಟು ದಿನ ನಾನು ಅವನನ್ನ ಬೈದಿರಲಿಲ್ಲ. ಅದಕ್ಕೇ ಅವನಿಗೆ ಅನುಮಾನ ಬಂದಿದ್ದು. ನನಗೆ ಹೊಳೀಲೇ ಇಲ್ಲ ನೋಡು. ಇನ್ನು ದಿನಾ ಬೈಬೇಕು ಜಾಸಿಂತ್. ನಿಲ್ಲಿಸಿದ್ರೆ, ನನಗೆ ಗೊತ್ತು ಅಂತ ಅವನಿಗೆ ಗೊತ್ತಾಗ್ಬಿಡುತ್ತೆ."

ಅಪ್ಪ ನವೆಂಬರ್ ಒಂಬತ್ತರ ತನಕ ಇದ್ದ. ಅಲ್ಲಿಯ ತನಕ ಅಮ್ಮ ಒಂದು ದಿನವೂ ತಪ್ಪಿಸದೆ ಬೈದಳು.